ಹಳೆ ಫಾರ್ಚೂನರ್‌ಗೆ ಯಾರು ಎಷ್ಟು ಕೊಟ್ಟರು: ಎಕ್ಸ್‌ಚೇಂಜ್, ಆ್ಯಪ್, ಯಾರ್ಡ್ ಮತ್ತು ನಮ್ಮೂರ ಕನ್ಸಲ್ಟೆಂಟ್

ನಮ್ಮ 2017ರ ಟೊಯೋಟಾ ಫಾರ್ಚೂನರ್‌ಗೆ ಹೊಸ ಗಾಡಿಯ ಶೋರೂಮ್‌ನವರು ಹೇಳಿದ್ದು 18.5 ಲಕ್ಷ. ಕೊನೆಗೆ ಅದು ಹೋಗಿದ್ದು 21.75 ಲಕ್ಷಕ್ಕೆ. ಗಾಡಿ ಅದೇ, ಟೈರ್ ಅದೇ, ಹಿಂದಿನ ಬಂಪರಿನ ಗೀರೂ ಅದೇ. ನಡುವಿನ ಮೂರೂಕಾಲು ಲಕ್ಷ ಎಲ್ಲಿ ಅಡಗಿತ್ತು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ. ದೊಡ್ಡ ಎಸ್‌ಯುವಿ ಮಾರಲು ಹೊರಟವರಿಗೆ ಇದು ಉಪಯೋಗಕ್ಕೆ ಬರಬೇಕು ಅನ್ನುವುದು ನನ್ನ ಆಸೆ.

ಮೊದಲು ಗಾಡಿಯ ವಿವರ. 2.8 ಲೀಟರ್ ಡೀಸೆಲ್, ಆಟೋಮ್ಯಾಟಿಕ್, ಫೋರ್ ಬೈ ಟೂ, ಅಂದರೆ ಇಂಜಿನ್ ಎಳೆತ ಎರಡೇ ಚಕ್ರಕ್ಕೆ. ಬಿಳಿ ಬಣ್ಣ. ಕೆಎ 18, ಅಂದರೆ ಚಿಕ್ಕಮಗಳೂರು ರಿಜಿಸ್ಟ್ರೇಷನ್. ಸಿಂಗಲ್ ಓನರ್, ಆರ್‌ಸಿ ನನ್ನ ಹೆಸರಲ್ಲಿ. ಓಡಿದ್ದು 1 ಲಕ್ಷ 12 ಸಾವಿರ ಕಿಲೋಮೀಟರ್. ಸರ್ವೀಸ್ ಪೂರ್ತಿ ಕಂಪನಿಯಲ್ಲೇ, ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿವೆ. ಮೂಡಿಗೆರೆ ಹತ್ತಿರ ನಮ್ಮದೊಂದು ತೋಟ, ಜೊತೆಗೆ ಹೋಮ್‌ಸ್ಟೇ. ಮಕ್ಕಳಿಬ್ಬರೂ ಹೊರಗಿದ್ದಾರೆ. ಇಷ್ಟು ದೊಡ್ಡ ಗಾಡಿ ನಮಗಿಬ್ಬರಿಗೆ ಬೇಡ ಅನ್ನಿಸಿತು, ಅದಕ್ಕೆ ಮಾರಿದೆವು. ಗಾಡಿಯ ಮೇಲೆ ಒಂದೇ ಒಂದು ದೂರಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ತೋಟದ ಕೆಲಸದ ಲೈನ್‌ಮನೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಇದರಲ್ಲೇ.

ತಗೊಂಡಾಗ ಆನ್-ರೋಡ್ ಬಿದ್ದಿದ್ದು 36 ಲಕ್ಷದ ಆಸುಪಾಸು. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಗಾಡಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ 18, ಆ ಟ್ಯಾಕ್ಸ್ ಮೇಲೆ ಮತ್ತೆ ಶೇ 11 ಸೆಸ್. ಸೇರಿಸಿದರೆ ಹತ್ತಿರ ಹತ್ತಿರ ಶೇ 20. ಹಾಗಾಗಿ ಐದೂವರೆ ಲಕ್ಷಕ್ಕೂ ಮೇಲೆ ಬರೀ ಟ್ಯಾಕ್ಸಿಗೇ ಹೋಗಿತ್ತು. ಎಂಟು ವರ್ಷ ಓಡಿಸಿದ ಮೇಲೂ ಅರವತ್ತು ಪರ್ಸೆಂಟ್ ವಾಪಸ್ ಬಂತು ಅಂದರೆ ಒಳ್ಳೆಯ ರೀಸೇಲೇ. 2009ರಲ್ಲಿ ಮೊದಲ ಫಾರ್ಚೂನರ್ ಬಂದಾಗ ಎಕ್ಸ್-ಶೋರೂಮ್ ಹದಿನೆಂಟು ಲಕ್ಷ ಚಿಲ್ಲರೆ ಇತ್ತು. ಆಮೇಲೆ ಹೊಸದರ ಬೆಲೆ ಹತ್ತುತ್ತಲೇ ಹೋಯಿತು, ಹಳೆಯದರ ಬೆಲೆ ಅದರ ಹಿಂದೆಯೇ ನಡೆಯಿತು. ಗಾಡಿ ತಯಾರಾಗುವುದು ನಮ್ಮ ಬಿಡದಿಯಲ್ಲೇ. ಪಾರ್ಟ್ಸ್ ಸಿಗುತ್ತದೆ, ಕೆಲಸ ಗೊತ್ತಿರುವ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತಾರೆ. ರೀಸೇಲ್ ಬೆಲೆ ನಿಲ್ಲುವುದು ಇದರ ಮೇಲೆಯೇ.

ಶೋರೂಮ್ ಎಕ್ಸ್‌ಚೇಂಜ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ. ಬೇರೆ ಬೇರೆ ಕಂಪನಿಯ ಶೋರೂಮ್ ನೋಡಿದೆವು, ಹೆಸರು ಬೇಡ. ಮಾತು ಎಲ್ಲ ಕಡೆ ಒಂದೇ ಥರ. 'ಮೇಡಂ, 18.5 ಗಾಡಿಗೆ, 75 ಸಾವಿರ ಎಕ್ಸ್‌ಚೇಂಜ್ ಬೋನಸ್, ಒಟ್ಟು 19.25.' ಕೇಳಲು ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ನಾನು ಎರಡು ಕೊಟೇಷನ್ ಬೇರೆ ಬೇರೆ ಹಾಳೆಯಲ್ಲಿ ಕೊಡಿ ಅಂದೆ. ಒಂದು, ಹಳೆ ಗಾಡಿ ಕೊಡದೆ ಹೊಸದು ತಗೊಂಡರೆ ಎಷ್ಟು. ಇನ್ನೊಂದು, ಕೊಟ್ಟರೆ ಎಷ್ಟು. ಹುಡುಗ ಸ್ವಲ್ಪ ಹಿಂದೆ ಮುಂದೆ ನೋಡಿ, ಒಳಗೆ ಹೋಗಿ ಪ್ರಿಂಟ್ ತೆಗೆದುಕೊಂಡು ಬಂದ. ಮೊದಲ ಹಾಳೆಯಲ್ಲಿ 60 ಸಾವಿರ ಕ್ಯಾಶ್ ಡಿಸ್ಕೌಂಟ್ ಇತ್ತು. ಎರಡನೆಯದರಲ್ಲಿ ಅದು ಮಾಯ. ಅಂದರೆ ಬೋನಸ್ ಅಂತ ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ತೆಗೆದುಕೊಂಡಿದ್ದರು. ನಿಜವಾಗಿ ಸಿಗುತ್ತಿದ್ದ ಲಾಭ 15 ಸಾವಿರ.

ಈ ಎರಡು ಹಾಳೆಯ ಕೆಲಸ ದಯವಿಟ್ಟು ಎಲ್ಲರೂ ಮಾಡಿ. ಬಾಯಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ತಗೋಬೇಡಿ. ಡಿಸ್ಕೌಂಟ್, ಇನ್ಶೂರೆನ್ಸ್, ಆಕ್ಸೆಸರೀಸ್, ಎಕ್ಸ್‌ಟೆಂಡೆಡ್ ವಾರಂಟಿ, ಎಲ್ಲ ಸೇರಿ ಕೈಯಿಂದ ಹೋಗುವ ದುಡ್ಡು ಎಷ್ಟು, ಅದೊಂದೇ ಅಂಕಿ ನೋಡಿ.

ಇನ್ನೊಂದು ಶೋರೂಮ್‌ನಲ್ಲಿ ನನ್ನ ಇನ್ಶೂರೆನ್ಸ್ ಪಾಲಿಸಿ ತೆಗೆದು, 'ಇಲ್ಲೇ ಐಡಿವಿ 14 ಲಕ್ಷ ಅಂತಿದೆ, ನಾವು ಅದಕ್ಕಿಂತ ಜಾಸ್ತಿಯೇ ಕೊಡ್ತಿದ್ದೀವಿ' ಅಂದರು. ಇದನ್ನು ಕೇಳಿ ತುಂಬಾ ಜನ ಸುಮ್ಮನಾಗಿಬಿಡುತ್ತಾರೆ. ಐಡಿವಿ ಅಂದರೆ ಗಾಡಿ ಕಳುವಾದರೆ ಅಥವಾ ಪೂರ್ತಿ ಹಾಳಾದರೆ ವಿಮಾ ಕಂಪನಿ ಕೊಡುವ ಮೊತ್ತ. ಅದಕ್ಕೆ ಸವಕಳಿಯ ಪಟ್ಟಿ ಇದೆ. ಆರು ತಿಂಗಳೊಳಗೆ ಶೇ 5, ವರ್ಷದೊಳಗೆ ಶೇ 15, ಹಾಗೇ ಏರುತ್ತಾ ನಾಲ್ಕರಿಂದ ಐದು ವರ್ಷಕ್ಕೆ ಶೇ 50. ಅಲ್ಲಿಂದ ಮುಂದೆ ಕಂಪನಿಯೂ ನಾವೂ ಮಾತಾಡಿಕೊಂಡು ಒಪ್ಪಿದ್ದು. ಫಾರ್ಚೂನರ್‌ಗೂ, ಸಂತೆಯಲ್ಲಿ ಯಾರೂ ಕೇಳದ ಗಾಡಿಗೂ ಪಟ್ಟಿ ಒಂದೇ. ಮಾರುಕಟ್ಟೆ ಬೆಲೆಗೂ ಅದಕ್ಕೂ ಸಂಬಂಧ ಇಲ್ಲ.

ಶೋರೂಮ್‌ನವರಿಗೆ ಕಡಿಮೆ ಹೇಳಲು ಕಾರಣವೂ ಇದೆ, ಅದನ್ನೂ ಹೇಳಬೇಕು. ಅವರು ಆ ಗಾಡಿಯನ್ನು ತಾವೇ ಇಟ್ಟುಕೊಳ್ಳುವುದು ಅಪರೂಪ. ಬೆನ್ನ ಹಿಂದೆ ಒಬ್ಬ ಡೀಲರ್ ಇರುತ್ತಾನೆ, ಆ ಡೀಲರ್ ಹಿಂದೆ ಇನ್ನೊಬ್ಬ. ಪ್ರತಿಯೊಬ್ಬನಿಗೂ ಪಾಲು ಹೋಗಬೇಕು. ಜೊತೆಗೆ ರಿಜಿಸ್ಟರ್ ಆದ ಡೀಲರ್ ತನ್ನ ಮಾರ್ಜಿನ್ ಮೇಲೆ ಶೇ 18 ಜಿಎಸ್‌ಟಿ ಕಟ್ಟಬೇಕು. ಸಣ್ಣ ಕಾರಿಗೆ ಇದು ಶೇ 12 ಇದ್ದದ್ದು 2025ರ ಜನವರಿಯಲ್ಲಿ ಶೇ 18 ಆಯಿತು. ದೊಡ್ಡ ಎಸ್‌ಯುವಿಗೆ 2018ರಿಂದಲೂ ಶೇ 18. 20 ಲಕ್ಷಕ್ಕೆ ಕೊಂಡು ಎರಡೂವರೆ ಲಕ್ಷ ಮಾರ್ಜಿನ್ ಇಟ್ಟರೆ 45 ಸಾವಿರ ಸರ್ಕಾರಕ್ಕೆ. ನಾನು ನೇರವಾಗಿ ಇನ್ನೊಬ್ಬ ವ್ಯಕ್ತಿಗೆ ಮಾರಿದರೆ ಈ ಜಿಎಸ್‌ಟಿ ಇಲ್ಲವೇ ಇಲ್ಲ. ಆಫರ್ ಕೊಡುವವರು ಗಾಡಿ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ, ತಮ್ಮಿಂದ ಮುಂದಿನ ಗಿರಾಕಿ ಎಷ್ಟು ದೂರದಲ್ಲಿದ್ದಾನೆ ಅಂತ ಲೆಕ್ಕ ಹಾಕುತ್ತಾರೆ. ಗಿರಾಕಿ ಹತ್ತಿರ ಇದ್ದಷ್ಟೂ ರೇಟು ಜಾಸ್ತಿ.

ಆ್ಯಪ್ ವಿಷಯ. ಆನ್‌ಲೈನ್‌ನಲ್ಲಿ ನಂಬರ್ ಹಾಕಿದ ಕೂಡಲೇ '20.6ರಿಂದ 22 ಲಕ್ಷ' ಅಂತ ಬಂತು. ಖುಷಿಯಾಯಿತು. ಮೂಡಿಗೆರೆಗೆ ಇನ್ಸ್‌ಪೆಕ್ಷನ್‌ಗೆ ಬರಲ್ಲ ಅಂದರು, ಬೆಂಗಳೂರಿನಲ್ಲಿ ತಮ್ಮನ ಮನೆ ಹತ್ತಿರ ಮಾಡಿಸಿದೆವು. ಬಂದ ಹುಡುಗ ಕೆಲಸದಲ್ಲಿ ಬಹಳ ಅಚ್ಚುಕಟ್ಟು, ಅದನ್ನು ಮೆಚ್ಚಲೇಬೇಕು. ಪೇಂಟ್ ಮೀಟರ್ ಹಿಡಿದು ಬಾನೆಟ್, ಡೋರು, ಡಿಕ್ಕಿ ಎಲ್ಲದರ ಮೇಲೆ ಒತ್ತಿ ಓದಿಕೊಂಡ. ಉಳಿದ ಕಡೆ ನೂರರಿಂದ ನೂರಮೂವತ್ತು ಮೈಕ್ರಾನ್. ಎಡಗಡೆ ಹಿಂದಿನ ಪ್ಯಾನೆಲ್ ಮೇಲೆ ಇಟ್ಟಾಗ 280. 'ಇಲ್ಲಿ ಪೇಂಟ್ ಆಗಿದೆ' ಅಂದ. ಹೌದು, ತೋಟದ ಗೇಟಿಗೆ ಉಜ್ಜಿತ್ತು, ನಾನು ಮೊದಲೇ ಹೇಳಿದ್ದೆ. ಆಮೇಲೆ ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದು, ಒಳಗೆ ಪಿಲ್ಲರ್ ಮೇಲಿನ ವೆಲ್ಡಿಂಗ್ ಚುಕ್ಕಿಗಳನ್ನು ಬೆರಳಲ್ಲಿ ಸವರಿ ನೋಡಿದ. ಕಂಪನಿಯ ಚುಕ್ಕಿ ಸಾಲಾಗಿ, ಗುಂಡಗೆ, ಒಂದೇ ಅಂತರದಲ್ಲಿ ಇರುತ್ತವಂತೆ. ಆಕ್ಸಿಡೆಂಟ್ ಆಗಿ ಪಿಲ್ಲರ್ ಕಟ್ ಮಾಡಿ ಸೇರಿಸಿದ್ದರೆ ಅಲ್ಲಿ ಗೊತ್ತಾಗುತ್ತದೆ. ಸೀಟ್ ಬೆಲ್ಟ್ ಪೂರ್ತಿ ಎಳೆದು ತುದಿಯ ಚೀಟಿಯಲ್ಲಿ ತಯಾರಾದ ವರ್ಷ ನೋಡಿದ, ಗಾಜುಗಳ ಮೇಲಿನ ಗುರುತು ನೋಡಿದ. ಅವು ಗಾಡಿಯ ವರ್ಷಕ್ಕೆ ಹೊಂದದಿದ್ದರೆ ಆಮೇಲೆ ಬದಲಾಯಿಸಿದ್ದಾರೆ ಅಂತ ಅರ್ಥ. ಹಳೆ ಗಾಡಿ ಕೊಳ್ಳುವವರು ಈ ಮೂರನ್ನು ಕಲಿತರೆ ಸಾಕು, ಅರ್ಧ ಮೋಸ ತಪ್ಪುತ್ತದೆ.

ಅಷ್ಟೆಲ್ಲ ಆಗಿ ಸಂಜೆ ಬಂದ ಆಫರ್ 18.9. ಅದೂ 'ಇವತ್ತು ರಾತ್ರಿ ತನಕ ಮಾತ್ರ'. ಅದರಲ್ಲಿ ಸರ್ವೀಸ್ ಚಾರ್ಜ್ ಕಳೆಯುತ್ತಾರೆ, ಆರ್‌ಸಿ ವರ್ಗಾವಣೆ ಆಗುವ ತನಕ ಸ್ವಲ್ಪ ಹಣ ಹಿಡಿದಿಟ್ಟುಕೊಳ್ಳುತ್ತಾರೆ. ಫೋನ್ ಮೇಲೆ ಫೋನ್. ಪ್ರತಿ ಸಲ 'ಸಾರ್ ಹತ್ರ ಮಾತಾಡಬಹುದಾ ಮೇಡಂ?' ಅಂತ ಕೇಳುತ್ತಿದ್ದರು. ಆರ್‌ಸಿ ನನ್ನ ಹೆಸರಲ್ಲಿದೆ, ಸಹಿ ಹಾಕುವವಳು ನಾನು, ಮಾತು ನನ್ನ ಹತ್ತಿರವೇ ಆಡಿ ಅಂದೆ. ಈ ಒಂದು ವಿಷಯಕ್ಕೆ ನನಗೆ ನಿಜವಾಗಿಯೂ ಸಿಟ್ಟು ಬಂತು.

ಆ್ಯಪ್‌ನವರ ವ್ಯವಹಾರ ಸಣ್ಣ ಕಾರಿಗೆ ಚೆನ್ನಾಗಿರಬಹುದು. ಸ್ವಿಫ್ಟ್, ಐ20 ಆದರೆ ದಿನಕ್ಕೆ ಎಷ್ಟೋ ಗಿರಾಕಿ, ರೇಟೂ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. 20 ಲಕ್ಷದ ಹಳೆ ಎಸ್‌ಯುವಿ ಕೊಳ್ಳುವವರು ಕಡಿಮೆ, ಅವರಿಗೆ ಬೇಕಾದ್ದೂ ಬೇರೆ ಬೇರೆ. ನಮ್ಮ ಘಟ್ಟದ ಕಡೆ ಫೋರ್ ಬೈ ಫೋರ್ ಇದ್ದರೆ ಕಣ್ಣು ಮುಚ್ಚಿ ಮುಂಗಡ ಕೊಡುತ್ತಾರೆ. ಬೆಂಗಳೂರಿನಲ್ಲಿ ಅದೇ ಗಾಡಿಗೆ 'ಆಟೋಮ್ಯಾಟಿಕ್ ಇದೆಯಾ?' ಅನ್ನುವುದೇ ಮೊದಲ ಪ್ರಶ್ನೆ.

ಬೆಂಗಳೂರಿನಲ್ಲಿ ಹಳೆ ಗಾಡಿ ಕೊಂಡು ಮಾರುವ ಒಂದು ಯಾರ್ಡ್‌ಗೂ ಹೋಗಿದ್ದೆವು. ಮಾಲೀಕರು ಹಳೆ ಕಾಲದ ವ್ಯಾಪಾರಸ್ಥರು, ಮಾತು ಕಡಿಮೆ, ಲೆಕ್ಕ ಸರಿ. 2025ರ ಆಗಸ್ಟ್ ಮೊದಲಲ್ಲಿ ಫೋನಿನಲ್ಲಿ 21.5 ಅಂದವರು, ಅಕ್ಟೋಬರ್‌ನಲ್ಲಿ ಗಾಡಿ ನೋಡಿ 20.25 ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ ಅಲ್ಲಿಯ ತನಕ ಸಿಕ್ಕಿದ್ದರಲ್ಲೇ ಪ್ರಾಮಾಣಿಕ. ದೊಡ್ಡ ಎಸ್‌ಯುವಿ ಮೇಲೆ ಮೊದಲು ಶೇ 28 ಜಿಎಸ್‌ಟಿ, ಮೇಲೆ ಶೇ 22 ಸೆಸ್, ಒಟ್ಟು ಶೇ 50 ಇತ್ತು. ಸೆಪ್ಟೆಂಬರ್ 22, 2025ರಿಂದ ಅದು ಶೇ 40ಕ್ಕೆ ಇಳಿಯಿತು. ಹೊಸ ಫಾರ್ಚೂನರ್ ಬೆಲೆ ವೇರಿಯಂಟ್ ನೋಡಿಕೊಂಡು ಮೂರೂವರೆ ಲಕ್ಷದ ತನಕ ಇಳಿಯಿತು. ಹೊಸದು ಇಳಿದ ಮೇಲೆ ಹಳೆಯದು ಅಲ್ಲೇ ನಿಲ್ಲುತ್ತದಾ? 'ಎರಡು-ಮೂರು ವರ್ಷದ ಗಾಡಿಗೆ ಜಾಸ್ತಿ ಹೊಡೆತ ಬಿದ್ದಿದೆ. ನಿಮ್ಮದು ಹಳೆಯದು, ಅದಕ್ಕೆ ಅಷ್ಟು ಇಳಿದಿಲ್ಲ' ಅಂದರು. ಲೆಕ್ಕ ಸರಿಯಾಗಿದೆ. ಮೂರು ವರ್ಷದ ಗಾಡಿ ಕೊಳ್ಳುವವನು ಇನ್ನೊಂದಿಷ್ಟು ಸಾಲ ಮಾಡಿ ಹೊಸದಕ್ಕೇ ಹೋಗಬಲ್ಲ. ಎಂಟು ವರ್ಷದ್ದು ನೋಡುತ್ತಿರುವವನಿಗೆ ಹೊಸದು ಇನ್ನೂ ದೂರದ ಮಾತು.

ಅದೇ ಯಾರ್ಡ್‌ನಲ್ಲಿ ಪಾರ್ಕ್ ಅಂಡ್ ಸೇಲ್ ಕೂಡ ಮಾಡುತ್ತಾರೆ. ಗಾಡಿ ಅವರ ಹತ್ತಿರ ಬಿಟ್ಟು ಬರುವುದು, ಮಾರಿದ ಮೇಲೆ ಕಮಿಷನ್ ಕೊಡುವುದು. ನಾನು ಬೇಡ ಅಂದೆ. ಬೆಂಗಳೂರಿನ ಬಿಸಿಲಲ್ಲಿ ಗಾಡಿ ನಿಂತಿರುತ್ತದೆ, ಟೆಸ್ಟ್ ಡ್ರೈವ್ ಅಂತ ಯಾರು ಎಲ್ಲಿಗೆ ಒಯ್ದರು ಅಂತ ನಮಗೆ ಗೊತ್ತಾಗಲ್ಲ, ಕಾಗದದಲ್ಲಿ ಮಾತ್ರ ಮಾಲೀಕರು ನಾವೇ. ಊರಲ್ಲೇ ಇರುವವರಿಗೆ ಇದು ಸರಿಹೋಗಬಹುದು.

ಭಾವನವರ ಫೋರ್ಡ್ ಎಂಡೆವರ್ ಮಾತೂ ಇಲ್ಲಿ ಬರಬೇಕು. ಹಾಸನದಲ್ಲಿದ್ದಾರೆ, 3.2 ಲೀಟರಿನ ಫೋರ್ ಬೈ ಫೋರ್. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಂಡಿಯಾದಲ್ಲಿ ಕಾರು ತಯಾರಿಕೆ ನಿಲ್ಲಿಸುತ್ತೇವೆ ಅಂತ ಹೇಳಿದಾಗ ಅವರು ರಾತ್ರಿ ನಿದ್ದೆ ಮಾಡಿರಲಿಲ್ಲ. ಶೋರೂಮ್ ಎಕ್ಸ್‌ಚೇಂಜ್‌ನಲ್ಲಿ ಇವತ್ತಿಗೂ ಅದಕ್ಕೆ ಹೇಳುವ ರೇಟು ಕೇಳಿದರೆ ಬೇಜಾರಾಗುತ್ತದೆ. ಆದರೆ ಆ ಐದು ಸಿಲಿಂಡರ್ ಇಂಜಿನ್ ಮೇಲೆ ಪ್ರಾಣ ಇಟ್ಟುಕೊಂಡವರು ಕೊಡಗು, ಸಕಲೇಶಪುರ ಕಡೆ ಬೇಕಾದಷ್ಟು ಜನ ಇದ್ದಾರೆ. ಅಂಥ ಒಬ್ಬರು ಮನೆಗೇ ಬಂದು, ಶೋರೂಮ್ ಹೇಳಿದ್ದಕ್ಕಿಂತ ನಾಲ್ಕು ಲಕ್ಷ ಜಾಸ್ತಿ ಕೊಡುತ್ತೇನೆ ಅಂದರು. ಭಾವ ಈಗ ಮಾರುವ ಯೋಚನೆಯನ್ನೇ ಬಿಟ್ಟಿದ್ದಾರೆ. ಕಂಪನಿ ಹೋದ ಗಾಡಿಗೆ ಎಕ್ಸ್‌ಚೇಂಜ್ ಕೇಳಲೇಬೇಡಿ, ಪ್ರೀತಿ ಇರುವವರನ್ನು ಹುಡುಕಿ.

ಇನ್ನು ನಮ್ಮ ಗಾಡಿ ಹೋದ ದಾರಿ. ಚಿಕ್ಕಮಗಳೂರಿನಲ್ಲಿ ಒಬ್ಬ ಕನ್ಸಲ್ಟೆಂಟ್ ಇದ್ದಾರೆ, ಅಂದರೆ ಗಾಡಿ ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸುವ ಮಧ್ಯವರ್ತಿ. ಸಣ್ಣ ಆಫೀಸು, ಮೇಜಿನ ಮೇಲೆ ಎರಡು ಫೋನು, ಒಂದು ದಪ್ಪ ಡೈರಿ. ಆ ಡೈರಿಯಲ್ಲಿ ಯಾರಿಗೆ ಯಾವ ಗಾಡಿ ಬೇಕು ಅಂತ ಬರೆದಿಟ್ಟಿರುತ್ತಾರೆ. ಕಾಫಿಗೆ ರೇಟು ಬಂದ ಮೇಲೆ ದೊಡ್ಡ ಗಾಡಿ ಕೇಳುವವರು ಜಾಸ್ತಿ ಆಗಿದ್ದಾರೆ ಅಂದರು. ನಮ್ಮ ಗಾಡಿಯ ಫೋಟೊ ನೋಡಿ ಮೊದಲು ಕೇಳಿದ್ದು ಕಿಲೋಮೀಟರ್ ಅಲ್ಲ, 'ಸರ್ವೀಸ್ ಬಿಲ್ ಇದೆಯಾ ಮೇಡಂ? ಸೆಕೆಂಡ್ ಕೀ ಇದೆಯಾ?' ಎರಡೂ ಇತ್ತು. 'ಹಾಗಿದ್ರೆ 22ಕ್ಕೆ ಹೇಳೋಣ, ಇಪ್ಪತ್ತೊಂದೂವರೆಗಿಂತ ಕೆಳಗೆ ಬೇಡ' ಅಂದರು.

ಕಡೂರು ಕಡೆಯ ಅಡಿಕೆ, ತೆಂಗು ಬೆಳೆಯುವ ಗೌಡರು ಮಗನನ್ನೂ ಮೆಕ್ಯಾನಿಕ್‌ನನ್ನೂ ಕರೆದುಕೊಂಡು ಬಂದರು. ಮೆಕ್ಯಾನಿಕ್ ಹತ್ತಿರ ಮೀಟರೂ ಇಲ್ಲ, ಟ್ಯಾಬೂ ಇಲ್ಲ. ಇಂಜಿನ್ ಚಾಲೂ ಇಟ್ಟು ಆಯಿಲ್ ಮುಚ್ಚಳ ತಿರುಗಿಸಿ ತೆಗೆದ, ತೂತಿನ ಮೇಲೆ ಅಂಗೈ ಹಿಡಿದು ಸ್ವಲ್ಪ ಹೊತ್ತು ನಿಂತ. ಒಳಗಿಂದ ಗಾಳಿ ಒತ್ತಿ ಬಂದರೆ ಇಂಜಿನ್ ಸವೆದಿದೆ ಅಂತ ಅರ್ಥ. ಅಂಗೈಗೆ ಎಣ್ಣೆಯ ಹನಿ ಹಾರಲಿಲ್ಲ. 'ಇಂಜಿನ್ ಟೈಮಿಂಗ್ ಬೆಲ್ಟ್ ಬದಲಾಯ್ಸಿದ್ದೀರಾ ಅಕ್ಕ?' ಅಂತ ಗೌಡರ ಮಗ ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ಮೆಕ್ಯಾನಿಕ್, 'ಅದು ಹಳೆ ಮೂರು ಲೀಟರ್ ಇಂಜಿನ್‌ಗೆ. ಇದರಲ್ಲಿ ಚೈನು' ಅಂದ. ಕೊಟ್ಟಿಗೆಹಾರದ ತನಕ ಓಡಿಸಿಕೊಂಡು ಬಂದರು. ಏರಿನಲ್ಲಿ ಗೇರ್ ಬೀಳುವಾಗ ಕುಲುಕುತ್ತದಾ, ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದಾ ಅಂತ ನೋಡಿದರು. ಪೇಂಟ್ ಆದ ಪ್ಯಾನೆಲ್ ನಾನೇ ತೋರಿಸಿದೆ. ಗೌಡರು, 'ತೋಟದ ಗಾಡಿ ಅಂದ್ಮೇಲೆ ಗೇಟಿಗೆ ತಾಗ್ದೆ ಇರುತ್ತೇನಮ್ಮ' ಅಂದುಬಿಟ್ಟರು. ಆ್ಯಪ್‌ನಲ್ಲಿ ಅದಕ್ಕೇ 35 ಸಾವಿರ ಕಡಿತ ಹಾಕಿದ್ದರು.

ಚೌಕಾಸಿಯಲ್ಲಿ ಒಂದು ಮಾತು ಬಂದೇ ಬರುತ್ತದೆ: 'ಡೆಲ್ಲಿ ಗಾಡಿ 15 ಲಕ್ಷಕ್ಕೆ ಸಿಗುತ್ತಲ್ಲ.' ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಬಾರದು ಅನ್ನುವ ನಿಯಮವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು, ಅದಕ್ಕೇ ಅಲ್ಲಿ ಹಳೆ ಡೀಸೆಲ್ ಗಾಡಿಗಳು ಅಗ್ಗಕ್ಕೆ ಹೋಗುತ್ತಿದ್ದವು. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟ್, ವಯಸ್ಸಾಗಿದೆ ಅನ್ನುವುದೊಂದೇ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಸದ್ಯಕ್ಕೆ ಬೇಡ ಅಂತ ಹೇಳಿತು. ಅದೇನೇ ಇರಲಿ, ಅಲ್ಲಿಂದ ತಂದ ಗಾಡಿಗೆ ಅಲ್ಲಿನ ಆರ್‌ಟಿಒದ ಎನ್‌ಒಸಿ ಬೇಕು, ಇಲ್ಲಿ ಗಾಡಿಯ ವಯಸ್ಸಿನ ಪ್ರಕಾರ ಮತ್ತೆ ಟ್ಯಾಕ್ಸ್ ಕಟ್ಟಬೇಕು, ರೀ-ರಿಜಿಸ್ಟ್ರೇಷನ್ ಆಗಬೇಕು. ಕನ್ಸಲ್ಟೆಂಟ್ ಇದನ್ನೆಲ್ಲ ಕ್ಯಾಲ್ಕುಲೇಟರ್ ಹಿಡಿದು ಗೌಡರ ಮುಂದೆ ಕೂಡಿಸಿ ತೋರಿಸಿದರು. ಆಮೇಲೆ ಡೆಲ್ಲಿ ಸುದ್ದಿ ಎತ್ತಲಿಲ್ಲ. 21.75ಕ್ಕೆ ಮುಗಿಯಿತು. 50 ಸಾವಿರ ಟೋಕನ್ ಅಡ್ವಾನ್ಸ್, ಉಳಿದದ್ದು ಆರ್‌ಟಿಜಿಎಸ್.

ಕಾಗದದ ಕೆಲಸದಲ್ಲಿ ಮಾತ್ರ ಸಡಿಲ ಬಿಡಬೇಡಿ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ. ಸಾಲ ಇದ್ದರೆ, ಅದು ತೀರಿತು ಅನ್ನುವುದಕ್ಕೆ ಬ್ಯಾಂಕಿನಿಂದ ಫಾರಂ 35. ಒಂದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ತಾರೀಕು, ಗಂಟೆ ಹಾಕಿದ ಡೆಲಿವರಿ ನೋಟ್ ಬರೆಸಿ, ಕೊಂಡವರ ಸಹಿ ತಗೊಳ್ಳಿ. ಗಾಡಿ ಕೊಟ್ಟ ಮೇಲೂ ಆರ್‌ಸಿಯಲ್ಲಿ ನಿಮ್ಮ ಹೆಸರಿದ್ದರೆ, ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿರುವ ಮಾಲೀಕನದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಡೀಲರ್‌ಗೆ ಕೊಡುವುದಾದರೆ ಅವರಿಗೆ ಆರ್‌ಟಿಒ ಅಧಿಕೃತ ಪತ್ರ ಇದೆಯಾ ಕೇಳಿ. 2023ರ ಏಪ್ರಿಲ್‌ನಿಂದ ಬಂದ ನಿಯಮದಲ್ಲಿ ಅಂಥ ಡೀಲರ್‌ಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ತಿಳಿಸಬಹುದು. ನಾನು ಹೋದ ಯಾವ ಶೋರೂಮ್‌ನವರೂ ಇದರ ಮಾತೆತ್ತಲಿಲ್ಲ.

ಇನ್ನೊಂದನ್ನೂ ಯಾರೂ ಹೇಳಲಿಲ್ಲ. ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ನಮ್ಮದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆಗುವ ಹಾನಿಯ ವಿಮಾ ಪ್ರೀಮಿಯಂನಲ್ಲಿ ಶೇ 50 ರಿಯಾಯಿತಿ. ಮಾರಿದ ದಾಖಲೆ ಕೊಟ್ಟು ವಿಮಾ ಕಂಪನಿಯಿಂದ ಪತ್ರ ತಗೊಂಡರೆ ಮೂರು ವರ್ಷದೊಳಗೆ ಹೊಸ ಗಾಡಿಗೆ ಬಳಸಬಹುದು. ನಮ್ಮ ಹೊಸ ಗಾಡಿಯ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 25 ಸಾವಿರದಷ್ಟು ಉಳಿಯಿತು. ಶೋರೂಮ್‌ನ 15 ಸಾವಿರದ ಬೋನಸ್‌ಗಿಂತ ಇದೇ ದೊಡ್ಡದು. ಫಾಸ್ಟ್ಯಾಗ್ ಅವತ್ತೇ ಕ್ಲೋಸ್ ಮಾಡಿಸಿ.

ನಮ್ಮ ಕನ್ಸಲ್ಟೆಂಟ್ ಕಮಿಷನ್ ಎರಡೂ ಕಡೆಯಿಂದ ಶೇ 1 ತಗೊಂಡರು, ಮೊದಲೇ ಹೇಳಿದ್ದರು. ಅದನ್ನು ಕಳೆದ ಮೇಲೂ ನನ್ನ ಕೈಗೆ 21.5ಕ್ಕೂ ಜಾಸ್ತಿ ಬಂತು. ಆರ್‌ಸಿ ಬದಲಾದ ಮೆಸೇಜ್ ಬರುವ ತನಕ ಅವರೇ ಆರ್‌ಟಿಒಗೆ ಓಡಾಡಿದರು. ನಾನು ಫೋನ್ ಮಾಡುವ ಮೊದಲೇ ಅವರ ಫೋನ್ ಬರುತ್ತಿತ್ತು. ಕೊರತೆ ಅಂದರೆ ಒಂದೇ, ಕಮಿಷನ್‌ಗೆ ರಸೀದಿ ಕೊಡಲು ತುಂಬಾ ಸತಾಯಿಸಿದರು, ಕೇಳಿ ಕೇಳಿ ಬರೆಸಿಕೊಳ್ಳಬೇಕಾಯಿತು. ನೀವು ಹೋದರೆ ಅದನ್ನು ಟೋಕನ್ ತಗೊಳ್ಳುವ ದಿನವೇ ಮಾತಾಡಿಕೊಳ್ಳಿ.